ನೀರಿನ ಮೇಲೆ ಉಳಿದ ಕೈ

ಫೆಬ್ರವರಿ ೧೦, ಸೋಮವಾರ

ಅಕ್ಕ,

ಪ್ರತಿ ಸೋಮವಾರ ಮನೆಗೆ ಫೋನ್ ಮಾಡುತ್ತೇನಲ್ಲ, ಮತ್ತೆ ಈ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಆ ಕಡೆ ಅಪ್ಪ ಅಮ್ಮ ಇಬ್ಬರೂ ಕಿವಿ ಆನಿಸಿ ಕೂತಿರುತ್ತಾರೆ, ಈ ಕಡೆ ಗಡಿಯಾರ ಪಕ್ಕದಲ್ಲೇ ಇರುತ್ತಾನೆ. ನೀನಂತೂ ಆ ಹೊತ್ತಿಗೆ ಬೇಕೆಂದೇ ಈಜುಕೊಳಕ್ಕೆ ಹೊರಟುಹೋಗಿರುತ್ತೀಯ.

ಗಡಿಯಾರ ಅಂದರೆ ನನ್ನ ಜೊತೆಗಾರ. ಆರೂವರೆಗೆ ಗಂಟೆ ಬಾರಿಸುವ ಮೊದಲೇ ಎದ್ದು, ಮಂಡಿಯೂರಿ, ಪ್ರಾರ್ಥನೆ ಮುಗಿಸಿ, ನನ್ನ ಹೊದಿಕೆ ಎಳೆಯುತ್ತಾನೆ. ನಮ್ಮಲ್ಲಿ ಒಬ್ಬರು ಇನ್ನೊಬ್ಬರ ಕಣ್ಣಿಂದ ಮರೆಯಾಗುವ ಹಾಗಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಸ್ನಾನದ ಮನೆ ಒಂದೇ ನನ್ನ ಏಕಾಂತ, ಅಲ್ಲಿಯೂ ಆತ ಹೊರಗಿನಿಂದ ಹಾಡು ಹೇಳುತ್ತಿರುತ್ತಾನೆ. ಒಳ್ಳೆಯವನು, ಆದರೆ ಮೈಯೆಲ್ಲ ಮುಳ್ಳು. ಎದೆಯ ಮೇಲೆ ಇಬ್ಬರಿಗೂ 'ಎಲ್ಡರ್' ಅಂತ ಬರೆದ ಕಪ್ಪು ಬಿಲ್ಲೆ. ಮೀಸೆ ಸರಿಯಾಗಿ ಮೂಡದವನನ್ನು ಹಿರಿಯ ಅಂತ ಕರೆಯುವವರು ನಮ್ಮ ಮಾರ್ಮನ್ನರು ಮಾತ್ರ ಇರಬೇಕು.

ಎರಡು ವರ್ಷದ ಧರ್ಮಪ್ರಚಾರಕ್ಕೆ ಬಂದು ಹತ್ತು ತಿಂಗಳಾಯಿತು. ದಿನಕ್ಕೆ ನಲವತ್ತು ಬಾಗಿಲು ತಟ್ಟುತ್ತೇವೆ, ಮೂವತ್ತೊಂಬತ್ತು ಮುಚ್ಚಿಕೊಳ್ಳುತ್ತವೆ. ನಲವತ್ತನೆಯದು ಹೊಲಿಗೆಯಮ್ಮನದು. ಸೈಕಲ್ ತುಳಿದು ಹರಿದ ನನ್ನ ಪ್ಯಾಂಟನ್ನು ರಿಪೇರಿಗೆ ಕೊಟ್ಟಿದ್ದೆ. ಅಲ್ಲಿಂದ ಮಾತು ಶುರುವಾಗಿ ಏಳು ತಿಂಗಳು ನಡೆಯಿತು. ಅರವತ್ತು ದಾಟಿದ ಹೆಂಗಸು. ನೀರೆಂದರೆ ಪ್ರಾಣಭಯ, ಬಕೆಟ್ಟಿನ ಮೇಲೆ ಬಗ್ಗುವುದಕ್ಕೂ ಹೆದರುತ್ತಾರೆ. ಅಂಥವರು ಮೊನ್ನೆ ಶನಿವಾರ ದೀಕ್ಷಾಸ್ನಾನ ಪಡೆದರು. ಗಡಿಯಾರ ಮುಳುಗಿಸಿದ. ನಾನು ತೊಟ್ಟಿಯ ಪಕ್ಕ ಸಾಕ್ಷಿಯಾಗಿ ನಿಂತಿದ್ದೆ. ಬಟ್ಟೆ ನೀರಿನಲ್ಲಿ ತೇಲಬಾರದೆಂದು ಅವರೇ ತಮ್ಮ ಬಿಳಿ ನಿಲುವಂಗಿಯ ಅಂಚಿಗೆ ಸೀಸದ ಗುಂಡು ಹೊಲಿದುಕೊಂಡು ಬಂದಿದ್ದರು.

ಎಲ್ಲ ಚೆನ್ನಾಗಿ ಆಯಿತು. ಅಮ್ಮನಿಗೆ ಹೇಳು.

ಸುಮ್ಮನೆ ಕೇಳುತ್ತೇನೆ: ನಿನ್ನ ಹತ್ತಿರ ಈಜು ಕಲಿಯಲು ಬರುವವರಲ್ಲಿ ಒಂದು ಕೈ ಮೇಲೆತ್ತಿಕೊಂಡೇ ಮುಳುಗುವವರು ಇದ್ದಾರಾ?

ನಿನ್ನ ಮರಿ


ಫೆಬ್ರವರಿ ೨೧

ಮರಿ,

ನಾನು ಕೊಳಕ್ಕೆ ಬೇಕೆಂದೇ ಹೋಗುತ್ತೇನೆ, ನಿಜ. ನೀನು ಫೋನಿನಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಮಾತಾಡುತ್ತೀಯ, ಅಪ್ಪ ಕಣ್ಣೊರೆಸಿಕೊಳ್ಳುತ್ತಾರೆ. ಆ ಸಡಗರದ ನಡುವೆ ಧರ್ಮ ಬಿಟ್ಟ ಮಗಳು ಯಾಕೆ ಬೇಕು? ಐದು ವರ್ಷವಾದರೂ ಅಮ್ಮ ಈಗಲೂ ಭಾನುವಾರ ನನ್ನ ಚಪ್ಪಲಿಯನ್ನು ಬಾಗಿಲಿಗೆ ಮುಖ ಮಾಡಿ ಇಟ್ಟಿರುತ್ತಾಳೆ. ನಾನು ಅದನ್ನು ಹಾಕಿಕೊಂಡು ತರಕಾರಿ ತರಲು ಹೋಗುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ: ಇದ್ದಾರೆ, ಬೇಕಾದಷ್ಟು ಜನ. ಹೋದ ವಾರ ಒಬ್ಬ ಬಸ್ ಚಾಲಕ ಬಂದಿದ್ದ. ಆಳು ಆರಡಿ, ನೀರು ಸೊಂಟದವರೆಗೆ. ಮೈಯೆಲ್ಲ ಒಳಗೆ ಹಾಕಿದ, ಬಲಗೈ ಮಾತ್ರ ಹೊರಗೆ. ಬೈದರೆ ಇನ್ನೂ ಮೇಲೆ ಹೋಗುತ್ತದೆ. ಅದು ಅವರ ಮಾತು ಕೇಳುವುದಿಲ್ಲ, ಹೆದರಿಕೆಯ ಮಾತು ಕೇಳುತ್ತದೆ.

ಆದರೆ ನೀನು ಸುಮ್ಮನೆ ಕೇಳುವ ಜಾತಿಯವನಲ್ಲ. ಚಿಕ್ಕವನಿದ್ದಾಗ ಲೋಟ ಒಡೆದು, "ಅಕ್ಕ, ಗಾಜು ಹೇಗೆ ಮಾಡ್ತಾರೆ" ಅಂತ ಕೇಳಿದವನು. ಮುಳುಗಿದ್ದು ಯಾರು, ನೀನಾ? ಮನೆ ನೆನಪಾಗಿ ಹೀಗೆ ಸುತ್ತಿಬಳಸಿ ಬರೆಯುತ್ತಿದ್ದೀಯಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ಬಾಯಿಬಿಟ್ಟು ಹೇಳು.

ಅಕ್ಕ


ಮಾರ್ಚ್ ೩, ಸೋಮವಾರ

ಅಕ್ಕ,

ಊಟ ಚೆನ್ನಾಗಿಯೇ ಮಾಡುತ್ತಿದ್ದೇನೆ. ನಿದ್ದೆ ಬರುತ್ತಿಲ್ಲ.

ಹೊಲಿಗೆಯಮ್ಮನ ಕೈ ಒಳಗೆ ಹೋಗಲಿಲ್ಲ.

ನಿನಗೆ ನಿಯಮ ನೆನಪಿರಬಹುದು. ಇಡೀ ಮೈ ನೀರಿನೊಳಗೆ ಹೋಗಬೇಕು. ಒಂದು ಬೆರಳು, ಒಂದು ಎಳೆ ಕೂದಲು ಮೇಲಿದ್ದರೂ ಮತ್ತೆ ಮಾಡಬೇಕು. ಅದನ್ನು ನೋಡುವುದಕ್ಕೇ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸುವುದು. ಇನ್ನೊಬ್ಬ ಸಾಕ್ಷಿ ನಮ್ಮ ಸಭೆಯ ಮುದಿ ಗುಮಾಸ್ತರು, ಅವರ ಕನ್ನಡಕದ ಮೇಲೆ ನೀರು ಸಿಡಿದಿತ್ತು. ಗಡಿಯಾರ ಹೊಲಿಗೆಯಮ್ಮನ ಮುಖವನ್ನೇ ನೋಡುತ್ತಿದ್ದ. ನಾನಿದ್ದ ಕಡೆ ಬಲಗೈ ಮಣಿಕಟ್ಟಿನವರೆಗೂ ಮೇಲಿತ್ತು, ಬೆರಳು ಐದೂ ಬಿಚ್ಚಿಕೊಂಡು. ನಾನು ಸ್ಪಷ್ಟವಾಗಿ ನೋಡಿದೆ.

ಅವರು ಎದ್ದಾಗ ತುಟಿ ನೀಲಿಗಟ್ಟಿತ್ತು. ಆದರೂ ನಗುತ್ತಿದ್ದರು. "ಮುಗೀತಾ? ಮುಗೀತಾ?" ಅಂತ ಕೇಳುತ್ತಿದ್ದರು. ಗಡಿಯಾರ ಸಾಕ್ಷಿಗಳ ಕಡೆ ನೋಡಿದ. ಗುಮಾಸ್ತರು ತಲೆ ಆಡಿಸಿದರು. ಮತ್ತೊಮ್ಮೆ ಅನ್ನಲು ನನಗೆ ಬಾಯಿ ಬರಲಿಲ್ಲ ಅಕ್ಕ. "ಆಯ್ತು" ಅಂದುಬಿಟ್ಟೆ. ಅರ್ಧ ನಿಮಿಷದ ಕೆಲಸ, ಆಗಲೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಈಗ ಅವರ ಹೆಸರು ದಾಖಲೆಗೆ ಹೋಗಿದೆ, ಗಡಿಯಾರ ತನ್ನ ಮನೆಗೆಲ್ಲ ಬರೆದು ಸಂಭ್ರಮಿಸಿದ್ದಾನೆ. ಅದು ಅವನು ಕೊಟ್ಟ ಮೊದಲ ದೀಕ್ಷೆ.

ಪ್ರತಿ ಭಾನುವಾರ ಹೊಲಿಗೆಯಮ್ಮ ಎರಡನೇ ಸಾಲಿನಲ್ಲಿ ಕೂತು ಪವಿತ್ರ ರೊಟ್ಟಿಯ ಚೂರು ತೆಗೆದುಕೊಳ್ಳುತ್ತಾರೆ. ತಟ್ಟೆ ಹಿಡಿದು ಹೋಗುವವನು ನಾನೇ. ಅವರು ಅದೇ ಬಲಗೈ ಚಾಚುತ್ತಾರೆ.

ಅಪ್ಪನಿಗೆ ಹೇಳಬೇಡ. ನನಗಿರುವುದು ನೀನೊಬ್ಬಳೇ.

ಮರಿ


ಮಾರ್ಚ್ ೧೪

ಮರಿ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಖುಷಿಯಾಯಿತು. ಕೊನೆಗೂ ನಮ್ಮ ಮನೆಯಲ್ಲಿ ಎರಡನೆಯವನೊಬ್ಬ ಕಣ್ಣು ಬಿಡುತ್ತಿದ್ದಾನೆ ಅಂದುಕೊಂಡೆ.

ನೀನು ಮಾಡಿದ್ದು ಸರಿ. ನಡುಗುತ್ತಿದ್ದ ಹೆಂಗಸನ್ನು ಮತ್ತೆ ನೀರಿಗೆ ಅದುಮದೆ ಇದ್ದದ್ದು ನೀನು ಈ ಹತ್ತು ತಿಂಗಳಲ್ಲಿ ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ. ದೇವರೇನು ಅಳತೆಪಟ್ಟಿ ಹಿಡಿದು ಕೂತಿದ್ದಾನಾ, ಮಣಿಕಟ್ಟು ಬಾಕಿ ಅಂತ ಲೆಕ್ಕ ಇಡಲು? ಆಕೆ ನೆಮ್ಮದಿಯಾಗಿದ್ದಾಳೆ. ನೀನು ಬಾಯಿಗೆ ಬೀಗ ಹಾಕಿಕೊಂಡರೆ ಎಲ್ಲರೂ ನೆಮ್ಮದಿಯಾಗಿರುತ್ತಾರೆ.

ಈ ನಿಯಮ ನಿನಗೇ ನಾಚಿಕೆ ತರಿಸುತ್ತಿದೆ, ಒಪ್ಪಿಕೊಳ್ಳುವ ಧೈರ್ಯ ಇಲ್ಲ, ಅಷ್ಟೇ. ಒಂದು ಮಾತು ಹೇಳು ಸಾಕು, ಟಿಕೆಟ್ ಕಳಿಸುತ್ತೇನೆ. ಅಪ್ಪನ ಮುಖ ನೋಡುವುದು ಕಷ್ಟವಾದರೆ ನನ್ನ ಕೋಣೆಯಲ್ಲಿ ಇರು. ಕೊಳದಲ್ಲಿ ಜೀವರಕ್ಷಕನ ಕೆಲಸ ಖಾಲಿ ಇದೆ.

ಅಕ್ಕ


ಮಾರ್ಚ್ ೨೪, ಸೋಮವಾರ

ಅಕ್ಕ,

ನಿನ್ನ ಕಾಗದ ಮುಖಕ್ಕೆ ಹೊಡೆದ ಹಾಗಿತ್ತು. ನಾನು ಸಹಾಯ ಕೇಳಿದೆ, ನೀನು ಟಿಕೆಟ್ ಕಳಿಸುತ್ತೇನೆ ಅನ್ನುತ್ತೀಯ. ನನಗೆ ನಂಬಿಕೆ ಹೋಗಿದ್ದರೆ ನಿದ್ದೆ ಯಾಕೆ ಹೋಗುತ್ತಿತ್ತು? ನಂಬುವವನಿಗೇ ತಾನೇ ಆ ಕೈ ಕಾಣುವುದು. ಏಳು ತಿಂಗಳು ಅವರ ಹೊಲಿಗೆ ಮಿಷನ್ನಿನ ಪಕ್ಕ ಕೂತು, ಇದು ದೇವರೊಂದಿಗೆ ಮಾಡುವ ಕರಾರು, ಇದರಲ್ಲಿ ಅರ್ಧಂಬರ್ಧ ಅನ್ನುವುದಿಲ್ಲ ಅಂತ ಹೇಳಿಕೊಟ್ಟವನು ನಾನು. ಆ ಮಾತಿಗೆ ನಾನೇ ಬೆಲೆ ಕೊಡದಿದ್ದರೆ ಅವರಿಗೆ ಮಾರಿದ್ದೇನು?

ಈಗ ಪರಿಸ್ಥಿತಿ ಬಿಗಡಾಯಿಸಿದೆ. ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ. ಏಪ್ರಿಲ್ ೨೯ಕ್ಕೆ ಆಪರೇಷನ್. ಕೊಯ್ದ ಮೇಲೆ ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗುವ ಹಾಗಿಲ್ಲ. ಅದೂ ಎಲ್ಲ ಸರಿಹೋದರೆ. ಅವರು ಮಾತ್ರ ಆರಾಮಾಗಿದ್ದಾರೆ. "ನಂಗೇನಪ್ಪ ಭಯ, ದೀಕ್ಷೆ ಆಗಿದೆಯಲ್ಲ" ಅಂದರು, ನನ್ನನ್ನು ನೋಡಿಕೊಂಡೇ. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ನಾಲ್ಕು ಸಲ ತಪ್ಪಿತು.

ಗಡಿಯಾರನಿಗೆ ಹೇಳಿಬಿಟ್ಟೆ. ಅವನಿಲ್ಲದೆ ನಾನು ಎಲ್ಲಿಗೂ ಹೋಗುವಂತಿಲ್ಲವಲ್ಲ. ಮೊದಲು ನಂಬಲಿಲ್ಲ. ಆಮೇಲೆ ಮುಖ ಗಂಟು ಹಾಕಿಕೊಂಡು ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಅಂದ: "ಸತ್ತ ಮೇಲೂ ಅವರ ಪರವಾಗಿ ಬದುಕಿರೋರು ಯಾರಾದ್ರೂ ಮುಳುಗಬಹುದು, ನಮ್ಮಲ್ಲಿ ಆ ವ್ಯವಸ್ಥೆ ಇದೆಯಲ್ಲ. ಬಿಟ್ಟುಬಿಡು." ಬದುಕಿರುವವರ ಮುಂದೆ ಸುಳ್ಳು ಹೇಳಿ, ಸತ್ತ ಮೇಲೆ ಸರಿಮಾಡುವುದಾ? ನನ್ನಿಂದಾಗದು. ಇಲ್ಲಿ ನಮ್ಮ ಮೇಲಿರುವ ಅಧ್ಯಕ್ಷರಿಗೂ ಹೇಳುತ್ತೇನೆ, ಹೊಲಿಗೆಯಮ್ಮನಿಗೂ ಹೇಳುತ್ತೇನೆ.

ನಿನ್ನಿಂದ ನನಗೆ ಬೇಕಿರುವುದು ಒಂದೇ. ನಂಬಿಕೆ ಗಿಂಬಿಕೆ ಬದಿಗಿಡು. ಹೆದರಿದವರನ್ನು ನೀರಿಗೆ ಇಳಿಸುವುದು ಹೇಗೆ ಅಂತ ಬರೆ.

ಮರಿ


ಏಪ್ರಿಲ್ ೭, ಸೋಮವಾರ

ಅಕ್ಕ,

ನಿನ್ನಿಂದ ಕಾಗದವಿಲ್ಲ. ಇವತ್ತು ಫೋನಿನಲ್ಲಿ ಅಮ್ಮನನ್ನು ಕೇಳಿದರೆ, "ಅವಳು ಯಾಕೋ ಗುಮ್ಮೆಂದು ಕೂತಿದಾಳೆ ಕಣೋ, ಊಟಾನೂ ಸರಿಯಾಗಿ ಮಾಡ್ತಿಲ್ಲ" ಅಂದರು. ನನ್ನ ಮೇಲಿನ ಸಿಟ್ಟು ಅಂತ ಅರ್ಥ ಮಾಡಿಕೊಂಡೆ. ಇರಲಿ.

ಮೊನ್ನೆ ಗುರುವಾರ ಹೇಳಿದೆ. ಹೊರಗಿನ ಕೋಣೆಯಲ್ಲಿ ಅವರ ಮಗ ಇಸ್ತ್ರಿ ಮಾಡುತ್ತಿದ್ದ. ಒಳಗೆ ಅವರು ಯಾರದೋ ಕೋಟಿಗೆ ಒಳಪದರದ ಅಸ್ತರು ಹಚ್ಚುತ್ತಿದ್ದರು. ಗಡಿಯಾರ ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದ. ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಮ್ಮ, ಅವತ್ತು ನಿಮ್ಮ ಕೈ ಮೇಲಿತ್ತು, ನಾನು ನೋಡಿದೆ, ನೋಡಿಯೂ ಆಯಿತು ಅಂದೆ.

ಮಿಷನ್ ನಿಂತಿತು. ಅವರು ತಲೆ ಎತ್ತಲಿಲ್ಲ. "ಗೊತ್ತು" ಅಂದರು.

ಅವರೇ ಮೇಲಿಟ್ಟಿದ್ದರಂತೆ. ಏಳು ವರ್ಷದವರಿದ್ದಾಗ ನೀರಿನ ಹೊಂಡಕ್ಕೆ ಬಿದ್ದಿದ್ದರು. "ತಲೆ ಮುಳುಗಿತ್ತಂತೆ. ಈ ಕೈ ಒಂದೇ ಮೇಲಿತ್ತಂತೆ. ಯಾರೋ ದಾರೀಲಿ ಹೋಗೋರು ಕೈ ನೋಡಿ ಎಳೆದ್ರು. ಕೈ ಒಳಗೆ ಹೋಗಿದ್ರೆ ನಾನು ಅವತ್ತೇ ಹೋಗ್ತಿದ್ದೆ. ಅದಕ್ಕೇ ಇದನ್ನ ಯಾವತ್ತೂ ಒಳಗೆ ಹಾಕಿಲ್ಲ." ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಅವತ್ತು ಯಾರೂ ನೋಡಲಿಲ್ಲ, ದೇವರೊಬ್ಬನೇ ನೋಡಿದ ಅಂದ್ಕೊಂಡಿದ್ದೆ. ಅವನ ಹತ್ರ ಮಾತಾಡಿ ಮುಗಿಸಿದ್ದೆ. ನೀನು ಯಾಕಪ್ಪ ಮಧ್ಯ ಬಂದೆ? ನನ್ನ ಆಪರೇಷನ್ ಮುಂದೆ ಇಟ್ಕೊಂಡು ಈಗ ಬಂದ್ಯಾ?"

ಅವರ ಮಗ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಒಳಗೆ ಬಂದ. ದನಿ ಏರಿಸಲಿಲ್ಲ. "ನಾಳೆಯಿಂದ ಈ ಕಡೆ ತಲೆ ಹಾಕಬೇಡಿ" ಅಂದ. ಮತ್ತೆ ರಿಪೇರಿಗೆ ಕೊಟ್ಟಿದ್ದ ನನ್ನ ಪ್ಯಾಂಟನ್ನು ಮಡಚಿ ಕೈಗೆ ಕೊಟ್ಟ.

ನಿನ್ನೆ ಭಾನುವಾರ ಎರಡನೇ ಸಾಲು ಖಾಲಿಯಿತ್ತು. ಸತ್ಯ ಹೇಳಿದರೆ ಎದೆ ಹಗುರವಾಗುತ್ತದೆ ಅಂತ ನಾವು ಮನೆಮನೆಗೆ ಹೋಗಿ ಹೇಳುತ್ತೇವೆ. ನನಗೆ ಆಗಲಿಲ್ಲ. ಅವರ ನೆಮ್ಮದಿ ಕಿತ್ತುಕೊಂಡು ನನ್ನ ನಿದ್ದೆ ಕೊಂಡುಕೊಂಡೆನಾ ಅನ್ನಿಸುತ್ತಿದೆ. ಆ ನಿದ್ದೆಯೂ ಬಂದಿಲ್ಲ.

ಏನಾದರೂ ಬರೆ. ಬೈದಾದರೂ ಬರೆ.

ಮರಿ


ಏಪ್ರಿಲ್ ೯

ಮರಿ,

ಮಾರ್ಚ್ ೨೪ರ ನಿನ್ನ ಕಾಗದ ಸಿಕ್ಕಿ ಒಂದು ವಾರವಾಯಿತು. ಐದು ಸಲ ಬರೆಯಲು ಕೂತು ಹರಿದು ಹಾಕಿದೆ. ಸಿಟ್ಟಲ್ಲ. ನಿನಗೆ ಒಂದು ವಿಷಯ ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ, ಹಾಗಾಗಿ ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ.

ನಾವು ಈ ಸಭೆಗೆ ಸೇರಿದಾಗ ನನಗೆ ಒಂಬತ್ತು. ನೀನು ತೊಟ್ಟಿಲಲ್ಲಿದ್ದೆ. ಅಪ್ಪನಿಗೆ ಆಗಷ್ಟೇ ದೀಕ್ಷೆ ಕೊಡುವ ಅಧಿಕಾರ ಸಿಕ್ಕಿತ್ತು. ಮೊದಲ ದೀಕ್ಷೆ ಮಗಳಿಗೇ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದರು. ಸಾಕ್ಷಿಗೆ ಚಿಕ್ಕಪ್ಪ ನಿಂತಿದ್ದರು. ನೀರು ತಣ್ಣಗಿತ್ತು. ಮುಳುಗಿ ಎದ್ದೆ. "ಕಾಲ್ಬೆರಳು ಮೇಲಿತ್ತು" ಅಂದರು ಚಿಕ್ಕಪ್ಪ. ಮತ್ತೆ ಮುಳುಗಿಸಿದರು. "ಜಡೆ ತೇಲ್ತು" ಅಂದರು. ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಯಾರೋ ನಕ್ಕರು. ನಾನು ಅಪ್ಪಾ ಸಾಕು ಅನ್ನಲು ಬಾಯಿ ತೆರೆದೆ. ಮೂರನೇ ಸಲ ಅಪ್ಪ ನನ್ನ ಎದೆಯ ಮೇಲೆ ಕೈಯಿಟ್ಟು ಅದುಮಿ ಹಿಡಿದುಕೊಂಡರು, ಒಂದೂ ತಪ್ಪಬಾರದೆಂದು. ತೆರೆದ ಬಾಯಿ ತುಂಬ ನೀರು. ಅಪ್ಪನ ಮುಖ ನೀರಿನ ಆಚೆ ಅಲುಗಾಡುತ್ತಿತ್ತು. ಅಪ್ಪ ನನ್ನನ್ನು ಕೊಲ್ಲುತ್ತಿದ್ದಾರೆ ಅಂತಲೇ ಅಂದುಕೊಂಡೆ.

ಎದ್ದಾಗ ಎಲ್ಲರೂ ಹಾಡುತ್ತಿದ್ದರು. ನಾನು ಅತ್ತದ್ದನ್ನು ಆನಂದಬಾಷ್ಪ ಅಂದರು.

ಮರುವರ್ಷವೇ ಈಜು ಕಲಿಯಲು ಸೇರಿದೆ. ಇನ್ನು ಯಾರೂ ನನ್ನನ್ನು ಮುಳುಗಿಸಬಾರದು ಅನ್ನುವ ಹಟಕ್ಕೆ. ನೀವೆಲ್ಲ ಅವಳಿಗೆ ನೀರೆಂದರೆ ಇಷ್ಟ ಅಂತ ತಿಳಿದುಕೊಂಡಿದ್ದೀರಿ.

ಅದಕ್ಕೇ ಹೇಳುತ್ತೇನೆ, ಹೊಲಿಗೆಯಮ್ಮನಿಗೆ ಹೇಳಬೇಡ. ಹೆದರಿದವರನ್ನು ಇಳಿಸುವುದು ಹೇಗೆ ಅಂತ ಕೇಳಿದ್ದೀಯಲ್ಲ, ಇಳಿಸುವುದಿಲ್ಲ. ನಾನು ಇಷ್ಟು ವರ್ಷದಲ್ಲಿ ಯಾರನ್ನೂ ಇಳಿಸಿಲ್ಲ. ಮೆಟ್ಟಿಲ ಮೇಲೆ ಕೂತಿರುತ್ತೇನೆ, ಅವರಾಗಿ ಬಂದರೆ ಬರುತ್ತಾರೆ. ಆ ಬಸ್ ಚಾಲಕ ಅವತ್ತಿನ ಮೇಲೆ ಹದಿನೇಳು ದಿನ ಸುಮ್ಮನೆ ಕಾಲು ಇಳಿಬಿಟ್ಟು ಕೂತಿದ್ದ, ಆಮೇಲೆ ತಾನಾಗಿ ಇಳಿದ. ಈ ಕಾಗದ ಮುಟ್ಟುವ ಹೊತ್ತಿಗೆ ನಿನಗೆ ಹದಿನೇಳು ದಿನ ಇರುವುದಿಲ್ಲ. ಕೈಮುಗಿದು ಕೇಳುತ್ತೇನೆ, ಬಿಟ್ಟುಬಿಡು.

ಅಕ್ಕ


ಏಪ್ರಿಲ್ ೨೧, ಸೋಮವಾರ

ಅಕ್ಕ,

ನಿನ್ನ ಕಾಗದ ಶನಿವಾರ ಕೈಸೇರಿತು. ಓದಿ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊದಲ ಸಲ ಗಡಿಯಾರ ಹೊರಗಿನಿಂದ ಹಾಡಲಿಲ್ಲ.

ನನ್ನ ಏಳನೇ ತಾರೀಕಿನ ಕಾಗದ ಇಷ್ಟರಲ್ಲಿ ನಿನಗೆ ಸಿಕ್ಕಿರುತ್ತದೆ. ನೀನು ಬೇಡ ಅಂದು ಬರೆಯುವ ಮುಂಚೆಯೇ ನಾನು ಹೇಳಿಯಾಗಿತ್ತು. ನೀನು ಗುಮ್ಮೆಂದು ಕೂತಿದ್ದಾಗ ನನ್ನ ಮೇಲೆ ಸಿಟ್ಟು ಅಂದುಕೊಂಡೆನಲ್ಲ, ನನ್ನಂಥ ಕತ್ತೆ ಇನ್ನೊಬ್ಬನಿಲ್ಲ.

ನಿನ್ನೆ ಸಭೆ ಮುಗಿದ ಮೇಲೆ ಹೊಲಿಗೆಯಮ್ಮ ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಬರಲಿಲ್ಲ. ಎರಡು ವಾರದಲ್ಲಿ ಇಳಿದುಹೋಗಿದ್ದಾರೆ. ನನ್ನನ್ನು ಕರೆದು ಅಂದರು: "ನಲವತ್ತು ವರ್ಷದಿಂದ ಹೊಲೀತಿದೀನಿ. ಒಳಗಡೆ ಹೊಲಿಗೆ ಬಿಟ್ಟಿದೆ ಅಂತ ಗೊತ್ತಿದ್ದೂ ಗಿರಾಕಿಗೆ ಯಾವತ್ತೂ ಬಟ್ಟೆ ಕೊಟ್ಟಿಲ್ಲ. ದೇವರ ಹತ್ರ ಮಾತಾಡಿ ಮುಗಿಸಿದ್ದೆ ಅಂದೆನಲ್ಲ, ಅದು ಸುಳ್ಳು. ನಾನೊಬ್ಬಳೇ ಮಾತಾಡಿದ್ದೆ."

ಆಪರೇಷನ್ನಿಗೆ ಮುಂಚೆ ಮತ್ತೆ ಮಾಡಿಸಿ ಅಂದರು. ವೈದ್ಯರನ್ನೂ ಕೇಳಿಕೊಂಡೇ ಬಂದಿದ್ದರು. ಬೆಚ್ಚಗಿನ ನೀರಾದರೆ ತೊಂದರೆಯಿಲ್ಲ ಅಂದರಂತೆ. ಬರುವ ಶನಿವಾರ, ೨೬ಕ್ಕೆ. ಮಗ ಒಪ್ಪಿಲ್ಲ, ಆದರೂ ಬರುತ್ತಾನಂತೆ. ಒಂದು ಷರತ್ತು ಹಾಕಿದರು, ಅದೇ ಜಾಗದಲ್ಲಿ ಸಾಕ್ಷಿಯಾಗಿ ನಾನೇ ನಿಲ್ಲಬೇಕು.

ಅಧ್ಯಕ್ಷರು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಒಪ್ಪಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಮುಂದಿನ ತಿಂಗಳು ನನಗೆ ಬೇರೆ ಊರು.

ಈ ಕಾಗದ ನಿನ್ನನ್ನು ಮುಟ್ಟುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ಸತ್ಯ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿದೆ. ಈಗ ಚಿಕ್ಕಪ್ಪ ನಿಂತ ಜಾಗದಲ್ಲಿ ನಾನು ನಿಲ್ಲಬೇಕು. ಕೈ ಮತ್ತೆ ಮೇಲೆ ಬಂದರೆ ಏನನ್ನಲಿ?

ಮರಿ


ಮೇ ೫, ಸೋಮವಾರ

ಅಕ್ಕ,

ಮೊದಲಿನಿಂದ ಹೇಳುತ್ತೇನೆ.

೨೬ರ ಶನಿವಾರ ಬೆಳಿಗ್ಗೆ ಏಳಕ್ಕೇ ನಾನೂ ಗಡಿಯಾರನೂ ಹೋಗಿ ತೊಟ್ಟಿ ತೊಳೆದು ನಲ್ಲಿ ಬಿಟ್ಟೆವು. ತುಂಬಲು ಮೂರು ಗಂಟೆ ಬೇಕು. ನಡುನಡುವೆ ಕೈ ಅದ್ದಿ ನೋಡುತ್ತಿದ್ದೆ, ತಣ್ಣಗಿರಬಾರದೆಂದು. ಹತ್ತೂವರೆಗೆ ಅವರು ಬಂದರು. ಅದೇ ಬಿಳಿ ನಿಲುವಂಗಿ. "ಈ ಸಲ ತೋಳಿನ ಅಂಚಿಗೂ ಸೀಸ ಹೊಲಿದಿದೀನಿ ನೋಡು, ಈ ಕೈ ಹೇಗೆ ಮೇಲೇಳುತ್ತೆ ನೋಡೇಬಿಡೋಣ" ಅಂದರು. ತಮಾಷೆ ಮಾಡುತ್ತಿದ್ದರು, ಆದರೆ ಹಲ್ಲು ಕಟಕಟ ಅನ್ನುತ್ತಿತ್ತು. ಮಗ ಬಾಗಿಲಿಗೆ ಒರಗಿ ನಿಂತಿದ್ದ, ಹೆಗಲ ಮೇಲೆ ಟವೆಲ್. ಗುಮಾಸ್ತರು ಕನ್ನಡಕ ಎರಡು ಸಲ ಒರೆಸಿಕೊಂಡರು.

ಗಡಿಯಾರ ದೀಕ್ಷೆಯ ಮಾತು ಹೇಳಿ ಮುಳುಗಿಸಿದ. ಸೀಸ ಗೀಸ ಏನೂ ತಡೆಯಲಿಲ್ಲ. ಕೈ ಮೇಲೆ ಬಂತು.

ಎದ್ದು ನೇರ ನನ್ನ ಮುಖ ನೋಡಿದರು. "ಆಗಲಿಲ್ಲ ಅಮ್ಮ" ಅಂದೆ. ತಲೆಯಾಡಿಸಿ, ಮತ್ತೆ ಅಂದರು. ಎರಡನೇ ಸಲವೂ ಬಂತು, ಬೆರಳ ತುದಿ ಮಾತ್ರ. ಗಡಿಯಾರ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಆಯಿತು ಅಂದುಬಿಡೋ ಅಂತ ಬೇಡಿಕೊಳ್ಳುತ್ತಿದ್ದ ಹಾಗಿತ್ತು. ನಿಯಮ ಅಂದರೆ ಪ್ರಾಣ ಬಿಡುವ ಗಡಿಯಾರ. ನಾನು "ಆಗಲಿಲ್ಲ" ಅಂದೆ.

ಮಗ ಬಾಗಿಲಿನಿಂದ ಮುಂದೆ ಬಂದ. "ಇನ್ನೂ ಎಷ್ಟು ಸಲ ಮುಳುಗಿಸ್ತೀರಿ ನಮ್ಮಮ್ಮನ್ನ?"

ಆಗ ನನಗೆ ಕಂಡದ್ದು ನೀನು ಅಕ್ಕ. ಒಂಬತ್ತು ವರ್ಷದ ನೀನು, ಬಾಯಿ ತೆರೆದುಕೊಂಡು. ನಾನು ಬೂಟು ಹಾಕಿಕೊಂಡೇ ಮೆಟ್ಟಿಲಿಳಿದು ಮಂಡಿಯವರೆಗೆ ನೀರಿನಲ್ಲಿ ನಿಂತೆ. ಕೇಳಿದೆ, "ಅಮ್ಮ, ಬೇಕಾ, ಬೇಡ್ವಾ? ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸೋಣ. ಮನೆಗೆ ಹೋಗಿ. ಆಪರೇಷನ್ ಮುಗಿಸ್ಕೊಂಡು ಬನ್ನಿ. ಯಾವಾಗ ಬಂದ್ರೂ, ಬರದೇ ಇದ್ರೂ, ನಿಮ್ಮನ್ನ ಯಾರೂ ಒಂದು ಮಾತು ಅನ್ನಲ್ಲ."

ಅವರು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡರು. ನಾನು ಕಾದೆ. ಯಾರೂ ಅವಸರ ಮಾಡಲಿಲ್ಲ, ಗಡಿಯಾರನೂ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನನ್ನ ಬೂಟಿನೊಳಗಿನ ನೀರು ತಣ್ಣಗಾಗಿತ್ತು. ಆಮೇಲೆ ಅವರು ಮಗನ ಕಡೆ ತಿರುಗಿ, "ನೀನು ಅಲ್ಲೇ ನಿಂತ್ಕೋ" ಅಂದರು. ನನಗೆ ಅಂದರು, "ಮೊದಲ ಸಲ ನೀನು ನನ್ನ ಮೇಲೆ ಕರುಣೆ ತೋರಿಸ್ದೆ. ಇನ್ನು ಬೇಡ. ಮೇಲೆ ಹೋಗಿ ನಿಂತು ಸರಿಯಾಗಿ ನೋಡು."

ಹೋಗಿ ನಿಂತೆ. ಗಡಿಯಾರ ಮಾತು ಹೇಳಿದ. ತಲೆ ಹೋಯಿತು, ಭುಜ ಹೋಯಿತು. ಕೈ ಒಂದು ಕ್ಷಣ ನೀರಿನ ಮೇಲೆಯೇ ನಿಂತಿತ್ತು. ಆಮೇಲೆ ಅವರೇ ಅದನ್ನು ಮಡಚಿ ಒಳಗೆ ಎಳೆದುಕೊಂಡರು.

ಏನೂ ಕಾಣಲಿಲ್ಲ. ಬರೀ ನೀರು. ಮೂರು ತಿಂಗಳಿಂದ ನಾನು ಬೇಡಿಕೊಂಡಿದ್ದೇ ಅದು. ಆದರೂ ಕೈ ಕಾಣದಾದಾಗ ನಾನು ಒಂದು ಹೆಜ್ಜೆ ಮುಂದೆ ಇಟ್ಟುಬಿಟ್ಟೆ. ಈಗ ಯಾರಾದರೂ ದಾರಿಯಲ್ಲಿ ಹೋದರೆ ಅವರಿಗೆ ಏನು ಕಾಣುತ್ತದೆ ಅನ್ನಿಸಿತು.

ಎದ್ದರು. ಮೊದಲ ಸಲದ ಹಾಗೆ ಮುಗೀತಾ ಅಂತ ಕೇಳಲಿಲ್ಲ. ನಾನೂ ಗುಮಾಸ್ತರೂ ಒಟ್ಟಿಗೇ "ಆಯ್ತು" ಅಂದೆವು. ಮಗ ಟವೆಲ್ ಹೊದಿಸಿ ಕರೆದುಕೊಂಡು ಹೋದ. ನನ್ನನ್ನು ನೋಡಲಿಲ್ಲ.

ಮಂಗಳವಾರ ಆಪರೇಷನ್ ಆಯಿತು. ಗಡ್ಡೆ ತೆಗೆದಿದ್ದಾರೆ. ಅದು ಎಂಥದ್ದು ಅಂತ ಪರೀಕ್ಷೆಗೆ ಕಳಿಸಿದ್ದಾರೆ, ಹದಿನೈದು ದಿನ ಬೇಕಂತೆ. ಬುಧವಾರ ಮಗನೇ ನಮ್ಮ ಬಾಗಿಲಿಗೆ ಬಂದು, "ಕಣ್ಣು ಬಿಟ್ಟಿದಾರೆ, ಗಂಜಿ ಕುಡಿದ್ರು" ಅಂತ ಹೇಳಿ ನಿಲ್ಲದೆ ಹೋದ. ನಾಡಿದ್ದು ನಾನು ಈ ಊರು ಬಿಡುತ್ತೇನೆ. ಪರೀಕ್ಷೆಯ ಫಲಿತಾಂಶ ನನಗೆ ಯಾರು ತಿಳಿಸುತ್ತಾರೋ ಗೊತ್ತಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ ನಿನ್ನನ್ನು ಕೇಳುವುದಿಲ್ಲ. ಬೇರೆ ಒಂದು ಕೇಳುತ್ತೇನೆ. ಮೂರನೇ ಸಲಕ್ಕೆ ಮುಂಚೆ ಯಾರಾದರೂ ನಿನ್ನನ್ನು ಬೇಕಾ ಬೇಡವಾ ಅಂತ ಕೇಳಿದ್ದರೆ ಏನನ್ನುತ್ತಿದ್ದೆ?

ಮರಿ


ಮೇ ೧೬

ಮರಿ,

ಬೇಡ ಅನ್ನುತ್ತಿದ್ದೆ.

ಇನ್ನೂ ಬರೆಯುವುದಿದೆ. ಬೇಡ ಅಂದು, ಬಟ್ಟೆ ಬದಲಾಯಿಸಿಕೊಂಡು ಅಮ್ಮನ ಪಕ್ಕ ಹೋಗಿ ಕೂರುತ್ತಿದ್ದೆ. ಒಂದು ತಿಂಗಳೋ ಒಂದು ವರ್ಷವೋ ಬಿಟ್ಟು ನಾನೇ ಹೋಗಿ, ಅಪ್ಪಾ ಈಗ ಮಾಡು ಅನ್ನುತ್ತಿದ್ದೆನೋ ಏನೋ. ಗೊತ್ತಿಲ್ಲ. ಗೊತ್ತಾಗುವಷ್ಟು ಹೊತ್ತು ಯಾರೂ ನನಗೆ ಕೊಡಲಿಲ್ಲ. ಇಪ್ಪತ್ತು ವರ್ಷದಿಂದ ನನಗಿರುವ ಸಿಟ್ಟು ದೇವರ ಮೇಲೆ ಅಂತ ತಿಳಿದಿದ್ದೆ. ನಿನ್ನ ಕಾಗದ ಓದಿದ ಮೇಲೆ, ಅದು ಯಾರೂ ಕೊಡದೆ ಹೋದ ಆ ಹೊತ್ತಿನ ಮೇಲೆ ಅಂತ ಅನ್ನಿಸಿತು.

ಅಪ್ಪನಿಗೆ ಹೇಳಬೇಡ ಅಂತ ನೀನು ಅಂದಿದ್ದೆ. ಹೇಳಿದೆ. ನಿನ್ನದೂ ಹೇಳಿದೆ, ನನ್ನದೂ ಹೇಳಿದೆ. ನಿನ್ನೆ ಸಂಜೆ ಅಪ್ಪ ಒಬ್ಬರೇ ಕೂತು ಭಾನುವಾರದ ಬಿಳಿ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆ ಅಂತ.

ಅಪ್ಪ ಸೂಜಿಯನ್ನು ಅಂಗಿಗೇ ಚುಚ್ಚಿಟ್ಟರು. "ನೀನು ಹೆದರಿದ್ದೆ ಅಂತ ನಂಗೆ ಅವತ್ತೇ ಗೊತ್ತಾಗಿತ್ತು" ಅಂದರು. ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ. ಮತ್ತೆ ಯಾಕೆ ಇಷ್ಟು ವರ್ಷ ಬಾಯಿಬಿಡಲಿಲ್ಲ ಅಂದೆ. "ಹೇಳಿದ್ರೆ ನೀನು, ಯಾಕೆ ಅದುಮಿದೆ ಅಂತ ಕೇಳ್ತಿದ್ದೆ. ನನ್ನ ಹತ್ರ ಉತ್ತರ ಇರಲಿಲ್ಲ. ಜನ ನೋಡ್ತಿದ್ರು ಕಣಮ್ಮ, ಅಷ್ಟೇ." ಆಮೇಲೆ ಎದ್ದು ನನ್ನ ಹತ್ತಿರ ಬಂದು, ತಲೆ ಮುಟ್ಟಲು ಕೈ ಎತ್ತಿ, ಅರ್ಧಕ್ಕೆ ನಿಲ್ಲಿಸಿ, "ಮುಟ್ಟಲಾ?" ಅಂತ ಕೇಳಿದರು. ನಮ್ಮಪ್ಪ. ನಾನು ಹೂಂ ಅಂದೆ.

ಸಭೆಗೆ ಬರುತ್ತೇನೆ ಅಂತ ಕನಸು ಕಾಣಬೇಡ, ಬರುವುದಿಲ್ಲ. ಟಿಕೆಟ್ಟಿನ ಮಾತನ್ನು ಮಾತ್ರ ವಾಪಸ್ ತೆಗೆದುಕೊಂಡಿದ್ದೇನೆ. ಇನ್ನು ಹನ್ನೊಂದು ತಿಂಗಳು ಮುಗಿಸಿಕೊಂಡೇ ಬಾ. ಹೊಲಿಗೆಯಮ್ಮನ ವಿಳಾಸ ಕಳಿಸು. ಫಲಿತಾಂಶ ಏನು ಬಂತೆಂದು ನಾನೇ ಬರೆದು ಕೇಳಿ ನಿನಗೆ ತಿಳಿಸುತ್ತೇನೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ನೀರಲ್ಲಿ ನಿಂತು ಅವನು ಆಯಮ್ಮನ್ನ ಕೇಳಿದ್ನಾ, ಬೇಕಾ ಬೇಡ್ವಾ ಅಂತ? ಎಲ್ಲರೆದುರಿಗೆ?" ಕೇಳಿದ ಅಂದೆ. ಅನ್ನಕ್ಕೆ ಸಾರು ಹಾಕಿಕೊಂಡು ಕಲಸಿದರು. ಆಮೇಲೆ, "ನನಗಿಂತ ಚೆನ್ನಾಗಿ ಮಾಡ್ದ" ಅಂದರು. ಇದನ್ನು ಅವನಿಗೆ ಬರೀಬೇಡ, ತಲೆ ಮೇಲೆ ಕೂತ್ಕೊಳ್ತಾನೆ ಅಂತಲೂ ಅಂದರು. ಬರೆದಿದ್ದೇನೆ.

ಅಕ್ಕ